ಹಳೆಯ ಕಂಪ್ಯೂಟರೂ ಹನ್ನೆರಡು ಸಾವಿರ ರೂಪಾಯಿಯೂ

ನಮ್ಮ ಮನೆಯ ನಡುಕೋಣೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಮಗನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ 2014ರಲ್ಲಿ ಕೊಂಡದ್ದು. ಅವನು ಓದು ಮುಗಿಸಿ ಉದ್ಯೋಗಕ್ಕೆಂದು ಪುಣೆಗೆ ಹೊರಟುಹೋದ ಮೇಲೆ ಅದಕ್ಕೆ ಹೇಳಿಕೊಳ್ಳುವಂಥ ಕೆಲಸವೇನೂ ಉಳಿಯಲಿಲ್ಲ. ವಿದ್ಯುತ್ತಿನ ಬಿಲ್ಲು ಕಟ್ಟುವುದು, ರೈಲಿನ ಟಿಕೇಟು ಕಾದಿರಿಸುವುದು, ವರ್ಷಕ್ಕೊಮ್ಮೆ ಆದಾಯ ತೆರಿಗೆಯ ಲೆಕ್ಕ ಒಪ್ಪಿಸುವುದು, ಇಷ್ಟಕ್ಕೆ ಅದು ಸಾಕಾಗಿತ್ತು. ಗುಂಡಿ ಒತ್ತಿ, ಒಳಗೆ ಹೋಗಿ, ಕಾಫಿ ಬೆರೆಸಿಕೊಂಡು ಬರುವಷ್ಟರಲ್ಲಿ ಅದು ಕಣ್ಣು ತೆರೆಯುತ್ತಿತ್ತು. ಕಾಫಿ ಕುಡಿಯುವವರಿಗೆ ಅದೊಂದು ದೋಷವೆಂದೇ ತೋರುವುದಿಲ್ಲ.

2024ರ ನವೆಂಬರಿನಲ್ಲಿ ಆ ಯಂತ್ರದ ಮೇಲೆ ಹೊಸದೊಂದು ಹೊಣೆ ಬಿದ್ದಿತು. ಮೈಸೂರಿನಲ್ಲಿರುವ ನಮ್ಮ ಸೋದರತ್ತೆಯವರಿಗೆ ಬರುವ ಫೆಬ್ರವರಿಯಲ್ಲಿ ಸಹಸ್ರಚಂದ್ರ ದರ್ಶನದ ಶಾಂತಿಯೆಂದು ನಿಶ್ಚಯವಾಯಿತು. ಅತ್ತೆಯವರು ಸಂಪ್ರದಾಯದ ಹಾಡುಗಳ ಭಂಡಾರ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ತೊಟ್ಟಿಲ ಹಾಡು, ಎಲ್ಲವೂ ಅವರ ನಾಲಿಗೆಯ ಮೇಲೆ. ಒಂದನ್ನಾದರೂ ಕಾಗದಕ್ಕೆ ಇಳಿಸಿದವರಲ್ಲ. ಹಿಂದಿನ ಎರಡು ವರ್ಷ ಹಬ್ಬ ಹರಿದಿನಗಳಿಗೆ ಹೋದಾಗಲೆಲ್ಲ ನಮ್ಮ ಮನೆಗಳ ಹುಡುಗಿಯರು ಅವರನ್ನು ಕೂರಿಸಿ ಹಾಡಿಸಿ, ತಮ್ಮ ತಮ್ಮ ಫೋನುಗಳಲ್ಲಿ ಹಿಡಿದಿಟ್ಟಿದ್ದರು. ಒಟ್ಟು ಹನ್ನೊಂದು ಗಂಟೆಗಳಷ್ಟು ಆಗಿತ್ತು. ಆ ವರ್ಷದ ಮಳೆಗಾಲದಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅತ್ತೆಯವರ ದನಿ ಪಿಸುಮಾತಿಗೆ ಇಳಿದುಬಿಟ್ಟಿತು. ಇನ್ನು ಆ ಹಾಡುಗಳು ಉಳಿದಿದ್ದರೆ ಆ ಹನ್ನೊಂದು ಗಂಟೆಗಳಲ್ಲಿ ಮಾತ್ರ. ಅದರಿಂದ ನಲವತ್ತು ನಿಮಿಷದ ಚಿತ್ರವೊಂದನ್ನು ಸಂಕಲನ ಮಾಡಿ ಶಾಂತಿಯ ದಿನ ಬಂಧುಗಳ ಮುಂದೆ ತೋರಿಸಬೇಕೆಂದು ನಮ್ಮ ಮಗಳು ಹಟ ಹಿಡಿದಳು.

ಕೆಡೆನ್‌ಲೈವ್ ಎಂಬ ಸಂಕಲನದ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಅವಳು ಅದನ್ನು ತಂದು ಹಾಕಿ ಮೊದಲ ಹಾಡನ್ನು ತೆರೆದಳು. ದನಿ ಮುಂದೆ ಮುಂದೆ ಓಡಿತು. ಅತ್ತೆಯವರ ಚಿತ್ರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಒಂದು ಕಡೆ ಕತ್ತರಿಸಬೇಕೆಂದು ಒತ್ತಿದರೆ ಹತ್ತು ಸೆಕೆಂಡಿನ ಮೇಲೆ ಮತ್ತೆಲ್ಲೋ ಕತ್ತರಿಸುತ್ತಿತ್ತು. ಒಂದು ಸಂಜೆಯ ಶ್ರಮಕ್ಕೆ ಎರಡು ನಿಮಿಷದ ಚಿತ್ರವೂ ಸಿದ್ಧವಾಗಲಿಲ್ಲ.

“ಅಪ್ಪಾ, ಹೀಗಾದರೆ ಇದು ಮೈಸೂರಜ್ಜಿಯ ನೂರನೆಯ ವರ್ಷಕ್ಕೆ ಮುಗಿಯುತ್ತದೆ ಅಷ್ಟೆ” ಎಂದಳು.

ನಮ್ಮ ಬಡಾವಣೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಅಂಗಡಿಯವರು ಯಂತ್ರದ ವಯಸ್ಸು ಕೇಳಿದೊಡನೆಯೇ ತಲೆಯಾಡಿಸಿ, “ಇದನ್ನು ಗುಜರಿಗೆ ಹಾಕಿಬಿಡಿ ಸಾರ್. ವಿಡಿಯೋ ಕೆಲಸಕ್ಕೆ ಎಪ್ಪತ್ತೈದು ಸಾವಿರದ ಹೊಸದು ಬೇಕು” ಎಂದರು. ನನ್ನಲ್ಲಿದ್ದುದು ಹನ್ನೆರಡು ಸಾವಿರ. ಅದನ್ನು ಹೇಳಿದಾಗ ಅವರ ಮುಖ ಸ್ವಲ್ಪ ಸಣ್ಣದಾಯಿತು. “ಹಾಗಾದರೆ ಗ್ರಾಫಿಕ್ಸ್ ಕಾರ್ಡಾದರೂ ಹಾಕಿಸಿ” ಎಂದು ಒಂದು ಸಣ್ಣ ಕಾರ್ಡನ್ನು ಮೂರು ಸಾವಿರದ ನಾನೂರಕ್ಕೆ ಕೊಟ್ಟರು. ನಾನೂ ಸಂಭ್ರಮದಿಂದ ತಂದೆ. ಕೂರಿಸಿದ್ದಾಯಿತು, ಕಂಪ್ಯೂಟರ್ ಏಳುವಷ್ಟರಲ್ಲಿ ಕಾಫಿಯೂ ಆಯಿತು. ಅತ್ತೆಯವರು ಮೊದಲಿನಂತೆಯೇ ಬಾಯಿ ತೆರೆದು ನಿಂತಿದ್ದರು.

ರೋಗ ಯಾವುದೆಂದು ತಿಳಿಯದೆ ಔಷಧ ಕೊಂಡುದರ ಫಲ ಇದು. ನನ್ನಂತೆ ಹಣ ಕಳೆಯಬಾರದೆಂಬ ಉದ್ದೇಶದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಾಡಿ ಹಿಡಿದವನು

ಎದುರುಮನೆಯ ಯುವಕನೊಬ್ಬನು ದೂರದರ್ಶನ ವಾಹಿನಿಯೊಂದರಲ್ಲಿ ಸಂಕಲನಕಾರ. ಭಾನುವಾರ ಬಂದು ಕುಳಿತ. ಅವನು ತಿರುಪುಳಿಯನ್ನು ಮುಟ್ಟಲೇ ಇಲ್ಲ. ವಿಂಡೋಸಿನಲ್ಲಿಯೇ ಇರುವ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿಯನ್ನು ತೆರೆದಿಟ್ಟು, ಮಗಳಿಗೆ “ನೀನು ಎಂದಿನಂತೆ ಕೆಲಸ ಮಾಡಮ್ಮ” ಎಂದ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಇವುಗಳಲ್ಲಿ ಯಾವುದು ಎಷ್ಟು ದುಡಿಯುತ್ತಿದೆ ಎಂಬುದನ್ನು ಆ ಕಿಟಕಿ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ವೈದ್ಯರು ನಾಡಿ ಹಿಡಿದಂತೆ ಅವನು ಅದನ್ನೇ ಐದು ನಿಮಿಷ ನೋಡಿದ.

ನಮ್ಮದು ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಐ5 ಪ್ರೊಸೆಸರ್. ಅದರಲ್ಲಿ ನಾಲ್ಕು ಕೋರುಗಳು. ಅದು ದುಡಿಯುತ್ತಿತ್ತು, ಆದರೆ ನಡುನಡುವೆ ಬಿಟ್ಟಿಯಾಗಿ ಕುಳಿತಿರುತ್ತಿತ್ತು. ಮೆಮೊರಿ ಮಾತ್ರ ಶೇಕಡಾ 95ರ ಮೇಲೆ. ಡಿಸ್ಕ್ ನೂರಕ್ಕೆ ನೂರು! ಹಾಗಾದರೆ ಡಿಸ್ಕಿನದೇ ತಪ್ಪಲ್ಲವೆ ಎಂದು ನಾನೆಂದೆ. ಅವನು ನಕ್ಕ.

“ನೋವು ಅಲ್ಲಿದೆ ಸಾರ್, ರೋಗ ಬೇರೆ ಕಡೆ” ಎಂದ.

ನಮ್ಮ ಯಂತ್ರದಲ್ಲಿದ್ದ ರ್‍ಯಾಮ್ ಕೇವಲ 4 ಜಿಬಿ. ವಿಂಡೋಸೂ ಸಂಕಲನದ ತಂತ್ರಾಂಶವೂ ಕೂಡಿ ಅದನ್ನು ತುಂಬಿಬಿಡುತ್ತಿದ್ದುವು. ಅಡುಗೆಮನೆಯ ಕಟ್ಟೆ ಚಿಕ್ಕದಾದರೆ ಹೆಚ್ಚಿದ ತರಕಾರಿಯನ್ನು ಆಗಾಗ ಉಗ್ರಾಣಕ್ಕೆ ಒಯ್ದಿಟ್ಟು ಮತ್ತೆ ತರಬೇಕಷ್ಟೆ. ಹಾಗೆಯೇ ರ್‍ಯಾಮ್ ಸಾಲದೆ ಹೋದಾಗ ಕಂಪ್ಯೂಟರ್ ತನ್ನ ಕೈಯಲ್ಲಿರುವುದನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟು, ಬೇಕಾದಾಗ ತೆಗೆದುಕೊಳ್ಳುತ್ತದೆ. ಹಾರ್ಡ್ ಡಿಸ್ಕಾದರೋ ತಿರುಗುವ ತಟ್ಟೆ. ನಿಮಿಷಕ್ಕೆ 7,200 ಸುತ್ತು ಎಂದರೆ ನಮಗೆ ಬಹಳವೆನಿಸಬಹುದು. ಆದರೆ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲಿಗೂ ಮಿಕ್ಕ ಹೊತ್ತು ಬೇಕು. ಅದರ ಮೇಲೆ ಓದುವ ತೋಳು ಜಾಗ ಹುಡುಕಿ ಸರಿಯುವ ಹೊತ್ತು ಬೇರೆ. ಅಲ್ಲಿಂದಿಲ್ಲಿಗೆ ಹಾರಿ ಓದುವ ಕೆಲಸವಾದರೆ ಸೆಕೆಂಡಿಗೆ ನೂರರ ಆಸುಪಾಸು ಬಾರಿ ಮಾತ್ರ ಅದರಿಂದ ಸಾಧ್ಯ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಬಾರಿ ಮಾಡುತ್ತದೆ.

ಹೀಗಿರಲು ನಾನು ಕೊಂಡ ಕಾರ್ಡು ಮಾಡುವುದೇನಿತ್ತು? ತಟ್ಟೆಯ ಮೇಲೆ ಅನ್ನವೇ ಬಾರದಿದ್ದಾಗ ಬೆಳ್ಳಿಯ ಚಮಚ ತಂದಿಟ್ಟಂತಾಯಿತು. ಅಂಗಡಿಯವರು ಅದನ್ನು ಎರಡು ಸಾವಿರಕ್ಕೆ ಹಿಂದಕ್ಕೆ ತೆಗೆದುಕೊಂಡರು. ಅಷ್ಟಾದರೂ ಸಿಕ್ಕಿತಲ್ಲ ಎಂದು ಬಂದೆ.

ಫೋನಿನ ಚಿತ್ರವೂ ಮನೆಯ ಲೆಕ್ಕದ ಪುಸ್ತಕವೂ

ಇಷ್ಟು ಸಣ್ಣ ಫೋನು ಸರಾಗವಾಗಿ ತೋರಿಸುವ ಚಿತ್ರವನ್ನು ಇಷ್ಟು ದೊಡ್ಡ ಪೆಟ್ಟಿಗೆ ಏಕೆ ತೋರಿಸಲಾರದು ಎಂಬ ಪ್ರಶ್ನೆ ಓದುಗರಿಗೂ ಬಂದಿರಬಹುದು. ನನಗಂತೂ ಇದು ಅವಮಾನದ ಹಾಗೆ ತೋರಿತ್ತು.

4ಕೆ ಎಂದು ಕರೆಯುವ ಚಿತ್ರದಲ್ಲಿ ಅಡ್ಡಲಾಗಿ 3,840, ಉದ್ದಕ್ಕೆ 2,160 ಚುಕ್ಕೆಗಳು. ಅಂದರೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ. ಸೆಕೆಂಡಿಗೆ ಇಂಥ ಮೂವತ್ತು ಚಿತ್ರಗಳು. ಇದ್ದುದನ್ನು ಇದ್ದ ಹಾಗೆಯೇ ಬರೆದಿಡುವುದಾದರೆ ಒಂದು ನಿಮಿಷಕ್ಕೆ ಸುಮಾರು 45 ಸಾವಿರ ಎಂಬಿ ಬೇಕಾಗುತ್ತಿತ್ತು. ಫೋನು ಅದನ್ನು ಹಿಂಡಿ ಹಿಸುಕಿ ಕೆಲವು ನೂರು ಎಂಬಿಗೆ ಇಳಿಸುತ್ತದೆ. ಹೇಗೆಂದರೆ, ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಇಡುವುದಿಲ್ಲ. ಒಂದನ್ನು ಪೂರ್ಣವಾಗಿಟ್ಟು, ಅನಂತರದವುಗಳಲ್ಲಿ ಬದಲಾದುದನ್ನಷ್ಟೇ ಬರೆಯುತ್ತದೆ. ನಮ್ಮ ತಾಯಿಯವರು ಮನೆಯ ಲೆಕ್ಕವನ್ನು ಹೀಗೆಯೇ ಬರೆಯುತ್ತಿದ್ದರು. ಒಂದನೆಯ ತಾರೀಖಿಗೆ ಕೈಯಲ್ಲಿದ್ದ ಹಣ. ಆಮೇಲೆ ದಿನದಿನದ ಜಮೆ, ಖರ್ಚು. ಹದಿನೇಳನೆಯ ತಾರೀಖು ಪೆಟ್ಟಿಗೆಯಲ್ಲಿ ಎಷ್ಟಿತ್ತು ಎಂದು ಕೇಳಿದರೆ ಒಂದನೆಯ ತಾರೀಖಿನಿಂದ ಕೂಡಿ ಕಳೆದುಕೊಂಡು ಬರಬೇಕು.

ಬರಿದೆ ನೋಡುವವರು ಮೊದಲಿನಿಂದ ಕೊನೆಗೆ ಹೋಗುತ್ತಾರೆ. ಅವರಿಗೆ ಲೆಕ್ಕ ತಾನಾಗಿ ಸಾಗುತ್ತದೆ. ಸಂಕಲನ ಮಾಡುವವರು ಹಿಂದಕ್ಕೂ ಮುಂದಕ್ಕೂ ಹಾರುತ್ತಿರುತ್ತಾರೆ. ಪ್ರತಿ ಸಲವೂ ಯಂತ್ರವು ಹಿಂದಿನ ಪೂರ್ಣ ಚಿತ್ರಕ್ಕೆ ಹೋಗಿ ಅಲ್ಲಿಂದ ಲೆಕ್ಕ ಮಾಡಬೇಕು. ಫೋನುಗಳಲ್ಲಿ ಈಗ ಬಳಕೆಯಲ್ಲಿರುವ ಎಚ್.265 ಎಂಬ ಪದ್ಧತಿಯ ಲೆಕ್ಕ ಮತ್ತೂ ಜಟಿಲ. ಅದನ್ನು ಬಿಡಿಸುವುದಕ್ಕೆಂದೇ ಬೇರೆಯಾದ ವಿದ್ಯುನ್ಮಂಡಲ ಫೋನಿನ ಚಿಪ್ಪಿನಲ್ಲಿದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಅದು ಪೂರ್ಣವಾಗಿ ಬಂದದ್ದು 2015ರ ಆರನೆಯ ತಲೆಮಾರಿನಿಂದ. ನಮ್ಮದು ನಾಲ್ಕನೆಯದು! ಎಲ್ಲವನ್ನೂ ಬಾಯಿಲೆಕ್ಕದಲ್ಲೇ ಮಾಡಬೇಕಾದ ಬಡಪಾಯಿ.

ಹಾಗಾದರೆ ಪ್ರೊಸೆಸರನ್ನೇ ಬದಲಿಸಬೇಕಲ್ಲವೆ? ಬದಲಿಸಿದರೆ ಮದರ್‌ಬೋರ್ಡು, ಅದರೊಡನೆ ರ್‍ಯಾಮ್, ಹೀಗೆ ಬಾಲಕ್ಕೆ ಬಾಲ ಬೆಳೆದು ಎಪ್ಪತ್ತೈದು ಸಾವಿರದವರು ಹೇಳಿದ ಕಡೆಗೇ ನಡೆಯುತ್ತದೆ. ಎದುರುಮನೆಯ ಯುವಕನು ಹೇಳಿದ ಉಪಾಯಕ್ಕೆ ಒಂದು ಕಾಸೂ ತಗಲಲಿಲ್ಲ.

ಫಿಲ್ಮಿನ ಕಾಲದ ಚಲಚ್ಚಿತ್ರಗಳಲ್ಲಿ ಸಂಕಲನಕಾರರು ಮೂಲ ನೆಗೆಟಿವನ್ನು ಮುಟ್ಟುತ್ತಿರಲಿಲ್ಲ. ಅದರಿಂದ ಒಂದು ಅಗ್ಗದ ಪ್ರತಿಯನ್ನು ತೆಗೆದು, ಕತ್ತರಿಸುವುದು, ಅಂಟಿಸುವುದು, ತಪ್ಪುವುದು, ತಿದ್ದುವುದು ಎಲ್ಲವನ್ನೂ ಅದರ ಮೇಲೆ ಮಾಡುತ್ತಿದ್ದರು. ಎಲ್ಲ ನಿಶ್ಚಯವಾದ ತರುವಾಯ ಅದಕ್ಕೆ ಸರಿಯಾಗಿ ನೆಗೆಟಿವನ್ನು ಒಮ್ಮೆ ಕತ್ತರಿಸುವುದು. ಇಂದಿನ ಸಂಕಲನ ತಂತ್ರಾಂಶಗಳಲ್ಲಿಯೂ ಈ ಏರ್ಪಾಡು ಉಂಟು. ಅದಕ್ಕೆ ಪ್ರಾಕ್ಸಿ ಎಂದು ಹೆಸರು. ಪ್ರತಿಯೊಂದು ಫೈಲಿಗೂ ಸಣ್ಣದೊಂದು ಪ್ರತಿರೂಪವನ್ನು ತಂತ್ರಾಂಶವೇ ತಯಾರಿಸಿಕೊಳ್ಳುತ್ತದೆ. ನಾವು 960ಕ್ಕೆ 540 ಚುಕ್ಕೆಗಳ ಅಳತೆಯನ್ನು ಆರಿಸಿದೆವು. ಮೂಲದ ಹದಿನಾರರಲ್ಲಿ ಒಂದು ಪಾಲು ಮಾತ್ರ. ಪ್ರತಿ ಚಿತ್ರವೂ ಪೂರ್ಣವಾಗಿಯೇ ಇರುವ ಬಗೆಯನ್ನು ಆರಿಸಿಕೊಂಡರೆ ಹಿಂದೆ ಹೋಗಿ ಲೆಕ್ಕ ಮಾಡುವ ಕಾಟವೂ ಇಲ್ಲ. ಸಂಕಲನವೆಲ್ಲ ಈ ಸಣ್ಣ ಪ್ರತಿಯ ಮೇಲೆ. ಕೊನೆಗೆ ಚಿತ್ರವನ್ನು ಹೊರತೆಗೆಯುವಾಗ ತಂತ್ರಾಂಶವು ಮೂಲ ಫೈಲುಗಳನ್ನೇ ಬಳಸುತ್ತದೆ, ಗುಣದಲ್ಲಿ ಕೊರತೆಯಿಲ್ಲ.

ಹನ್ನೊಂದು ಗಂಟೆಗಳ ಪ್ರಾಕ್ಸಿ ತಯಾರಾಗಲು ನಮ್ಮ ಯಂತ್ರಕ್ಕೆ ಮೂರು ರಾತ್ರಿ ಹಿಡಿಯಿತು. ಹಿಡಿಯಲಿ, ನಾವು ಮಲಗಿದ್ದೆವು.

ಹಣ ಹೋದ ದಾರಿ

ಖರ್ಚಿನ ವಿಷಯಕ್ಕೆ ಬರುತ್ತೇನೆ. ಯುವಕನು ಮೊದಲು ಕೊಳ್ಳಬೇಕೆಂದದ್ದು ವೇಗಕ್ಕೆ ಸಂಬಂಧಪಟ್ಟ ವಸ್ತುವೇ ಅಲ್ಲ. ಹಾರ್ಡ್ ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆಯಂತೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಓದಿದಾಗ ನಮ್ಮ ಹತ್ತು ವರ್ಷದ ಡಿಸ್ಕಿನ ಹೆಸರಿನ ಮುಂದೆ ಹಳದಿ ಬಣ್ಣದ ಎಚ್ಚರಿಕೆ ಕಂಡಿತು. ಹಾಳಾದ ಜಾಗಗಳನ್ನು ಬಿಟ್ಟು ಮೀಸಲು ಜಾಗಗಳಿಗೆ ಅದು ಆಗಲೇ ಬರೆಯತೊಡಗಿತ್ತು. “ಅಜ್ಜಿಯ ಹಾಡು ಇದೊಂದರಲ್ಲೇ ಇದೆಯೆ?” ಎಂದು ಕೇಳಿದ. ಹೌದು. ಫೋನುಗಳಲ್ಲಿ ಜಾಗ ಸಾಲದೆಂದು ಹುಡುಗಿಯರು ಎಲ್ಲವನ್ನೂ ಇಲ್ಲಿಗೆ ಹಾಕಿ ಅಲ್ಲಿ ಅಳಿಸಿದ್ದರು. ಅವನು ಅಲ್ಲಿಗೇ ಯಂತ್ರವನ್ನು ನಿಲ್ಲಿಸಿಬಿಟ್ಟ.

ಅಂದೇ ಸಂಜೆ 4,600 ರೂಪಾಯಿ ಕೊಟ್ಟು ಹೊರಗಿನಿಂದ ಜೋಡಿಸುವ 1 ಟಿಬಿ ಡಿಸ್ಕನ್ನು ತಂದೆ. ಇದ್ದ ಹಣದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅದಕ್ಕೇ ಹೋಯಿತು. ನಾನು ಗೊಣಗಿದೆ, ನಿಜ. 2025ರ ಏಪ್ರಿಲಿನಲ್ಲಿ ಆ ಹಳೆಯ ಡಿಸ್ಕು ಒಂದು ಬೆಳಗ್ಗೆ ಟಕಟಕನೆ ಸದ್ದು ಮಾಡಿ ನಿಂತುಹೋಯಿತು. ಅಂದಿನಿಂದ ಗೊಣಗಿಲ್ಲ. ಇನ್ನೊಂದು ಪ್ರತಿಯನ್ನು ಮಗನು ಪುಣೆಯಲ್ಲಿ ಇಟ್ಟುಕೊಂಡಿದ್ದಾನೆ.

ರ್‍ಯಾಮ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಕಂಪ್ಯೂಟರಿನ ಬಿಡಿಭಾಗಗಳಿಗೆ ಹೆಸರಾದ ಬೀದಿ ಅದು. ಯಂತ್ರದಿಂದ ಹಳೆಯ ರ್‍ಯಾಮನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕೆಂದು ಯುವಕನು ಹೇಳಿದ್ದ. ಬೆಳ್ಳಿಯ ಲೋಟಕ್ಕೆ ಜೋಡಿ ತರುವವರು ಲೋಟವನ್ನೇ ಒಯ್ಯುವುದಿಲ್ಲವೆ! ನಮ್ಮ ಕಾಲದ ಯಂತ್ರಗಳದು ಡಿಡಿಆರ್3. ಅನಂತರದ ಡಿಡಿಆರ್4ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಒಳಗೆ ಕೂರುವುದೇ ಇಲ್ಲ. ದೊಡ್ಡ ಸರ್ವರುಗಳಿಂದ ಬಿಚ್ಚಿದ ರಿಜಿಸ್ಟರ್ಡ್ ರ್‍ಯಾಮ್ ಅಗ್ಗವಾಗಿ ಸಿಗುವುದುಂಟು. ಕೂರುತ್ತದೆ, ಆದರೆ ಮನೆಯ ಯಂತ್ರಗಳಲ್ಲಿ ಕೆಲಸ ಮಾಡದು. 8 ಜಿಬಿಯ ಒಂದೇ ಬಗೆಯ ಎರಡು ಹಳೆಯ ಕಡ್ಡಿಗಳು 2,200 ರೂಪಾಯಿಗೆ ದೊರೆತುವು. 16 ಜಿಬಿಯ ಒಂದರ ಬದಲು ಎಂಟರ ಜೋಡಿಯೇ ಮೇಲು. ಎರಡು ದಾರಿಗಳಲ್ಲಿ ಒಮ್ಮೆಗೇ ಓದು ಬರಹ ನಡೆಯುತ್ತದೆ.

500 ಜಿಬಿಯ ಸಾಟಾ ಎಸ್‌ಎಸ್‌ಡಿಗೆ 3,200. ವಿಂಡೋಸನ್ನೂ ಸಂಕಲನದ ತಂತ್ರಾಂಶವನ್ನೂ ಪ್ರಾಕ್ಸಿಗಳನ್ನೂ ಅದರ ಮೇಲೆ ಇಟ್ಟೆವು. ಮೂಲ ಫೈಲುಗಳು ದೊಡ್ಡವು. ಅವು ಡಿಸ್ಕಿನಲ್ಲಿಯೇ ಇರಲಿ, ಕೊನೆಗೊಮ್ಮೆ ಬೇಕಾಗುವಂಥವು.

ಇನ್ನು 200 ರೂಪಾಯಿಯ ಒಂದು ಸಂಗತಿ ಹೇಳದಿದ್ದರೆ ಅನ್ಯಾಯವಾದೀತು. ಪೆಟ್ಟಿಗೆಯನ್ನು ಬಿಚ್ಚಿದಾಗ ಪ್ರೊಸೆಸರಿನ ಮೇಲಣ ಫ್ಯಾನಿಗೂ ಲೋಹದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಕಂಬಳಿಯೊಂದು ಸಿಕ್ಕಿತು. ಪಕ್ಕದಲ್ಲೇ ನಮ್ಮ ದೇವರ ಕೋಣೆ. ಹತ್ತು ವರ್ಷದ ಊದುಬತ್ತಿಯ ಹೊಗೆಯೂ ಹತ್ತಿಯ ಬತ್ತಿಯ ಎಳೆಗಳೂ ಭಕ್ತಿಯಿಂದ ಅಲ್ಲಿ ನೆಲೆಸಿದ್ದುವು. ಬಿಸಿ ಹೆಚ್ಚಾದರೆ ಪ್ರೊಸೆಸರ್ ಸುಟ್ಟುಹೋಗಬಾರದೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬಣ್ಣ ಬಳಿಯುವ ಕುಂಚದಿಂದ ಧೂಳು ತೆಗೆದು, ಒಣಗಿದ್ದ ಶಾಖವಾಹಕ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದೆವು. ಲೇಪದ ಕೊಳವೆಗೆ ಕೊಟ್ಟದ್ದು ಆ ಇನ್ನೂರು. ಈ ಒಂದು ಕೆಲಸವನ್ನು ಎಲ್ಲಕ್ಕೂ ಮೊದಲು ಯಾರು ಬೇಕಾದರೂ ಮಾಡಬಹುದು. ಯಂತ್ರದ ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತಿರಬೇಕು, ಅಷ್ಟೆ.

ಕಾರ್ಡಿನಲ್ಲಿ ಕಳೆದುಕೊಂಡ 1,400ನ್ನೂ ಸೇರಿಸಿದರೆ ಒಟ್ಟು 11,600 ರೂಪಾಯಿ. ಇವು ಆ ಚಳಿಗಾಲದ ಬೆಲೆಗಳು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್ಪುಗಳ ಬೆಲೆ ಲೋಕದಲ್ಲೆಲ್ಲ ಬಹಳವಾಗಿ ಏರಿತು. ಕೊಳ್ಳುವವರು ಅಂದಂದಿನ ಬೆಲೆಯನ್ನು ವಿಚಾರಿಸಿಯೇ ಹೊರಡುವುದು ಲೇಸು.

ಗ್ರಾಫಿಕ್ಸ್ ಕಾರ್ಡು ಬೇಡವೇ ಬೇಡವೆಂದು ನಾನು ಹೇಳಲಾರೆ. ರ್‍ಯಾಮೂ ಎಸ್‌ಎಸ್‌ಡಿಯೂ ಆದ ಮೇಲೆ ಹಣ ಉಳಿದರೆ, ಎಚ್.265ನ್ನು ಬಿಡಿಸುವ ಮತ್ತು ಹೆಣೆಯುವ ಎರಡು ಶಕ್ತಿಗಳೂ ಇರುವ ಕಾರ್ಡನ್ನು ನೋಡಬೇಕು. ಜಿಟಿ 1030 ಬಿಡಿಸಬಲ್ಲುದು, ಹೆಣೆಯಲಾರದು. 2019ರ ಜಿಟಿಎಕ್ಸ್ 1650 ಎರಡನ್ನೂ ಮಾಡುತ್ತದೆ. ಅದು ಬೇಡುವುದು 75 ವ್ಯಾಟ್ ಆದ್ದರಿಂದ, ಬೇರೆ ತಂತಿ ಬೇಡದ ಮಾದರಿಗಳು ಹಳೆಯ ಪೆಟ್ಟಿಗೆಗಳಿಗೆ ಒಗ್ಗುತ್ತವೆ. ಆದರೆ ಹಳೆಯ ಯಂತ್ರಕ್ಕೆ ಹದಿನೈದು ಇಪ್ಪತ್ತು ಸಾವಿರ ಸುರಿಯುವ ಯೋಚನೆಯಿದ್ದರೆ ನಿಲ್ಲಿ. ಕಚೇರಿಗಳು ಬಳಸಿ ಮಾರುವ, ಎಂಟನೆಯ ತಲೆಮಾರಿನ ಪ್ರೊಸೆಸರುಳ್ಳ ಯಂತ್ರಗಳು ಮಾರುಕಟ್ಟೆಯಲ್ಲಿವೆ, ಅವುಗಳಲ್ಲಿ ಎಚ್.265ರ ಮಂಡಲವೂ ಇದೆ, ವಿಂಡೋಸ್ 11ಕ್ಕೂ ಅರ್ಹತೆಯಿದೆ. ನಮ್ಮದಕ್ಕೆ ಆ ಅರ್ಹತೆಯಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಾಗ ನಾವು ಲಿನಕ್ಸಿಗೆ ಬದಲಾದೆವು. ಕೆಡೆನ್‌ಲೈವ್ ಅಲ್ಲಿಯೂ ಇದೆ. ವೃತ್ತಿಯವರು ಮೆಚ್ಚುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯನ್ನು ಬಯಸುವವರು ಎರಡು ವಿಷಯ ತಿಳಿದಿರಬೇಕು: ಅದು ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನು ಬೇಡುತ್ತದೆ, ಲಿನಕ್ಸಿನಲ್ಲಂತೂ ಫೋನಿನ ಫೈಲುಗಳನ್ನು ನೇರವಾಗಿ ತೆರೆಯುವುದೇ ಇಲ್ಲ.

ಶಾಂತಿಯ ದಿನ

ಜನವರಿಯ ಎರಡನೆಯ ವಾರದಿಂದ ಮಗಳು ಸಂಕಲನಕ್ಕೆ ಕುಳಿತಳು. ಒತ್ತಿದೆಡೆಯಲ್ಲೇ ಕತ್ತರಿ ಬಿದ್ದಿತು. ಗುಂಡಿ ಒತ್ತಿ ಕಾಫಿಗೆ ಎದ್ದರೆ, ನೀರಿಡುವಷ್ಟರಲ್ಲೇ ಯಂತ್ರ ಸಿದ್ಧವಾಗಿರುತ್ತಿತ್ತು; ನನಗೆ ಅದು ಇನ್ನೂ ಸರಿಹೋಗಿಲ್ಲ. ನಡುವೆ ಒಂದು ತೊಡಕು ಬಂದಿತು. ಒಂದು ಫೋನಿನ ಹಾಡುಗಳಲ್ಲಿ ಮೊದಲು ಸರಿಯಿದ್ದ ದನಿ, ಹೋಗುತ್ತ ಹೋಗುತ್ತ ತುಟಿಗಿಂತ ಹಿಂದೆ ಬೀಳುತ್ತಿತ್ತು. ಬೆಳಕು ಕಡಮೆಯಾದಾಗ ಕೆಲವು ಫೋನುಗಳು ಸೆಕೆಂಡಿಗೆ ಮೂವತ್ತರ ಬದಲು ಇಪ್ಪತ್ತನಾಲ್ಕೋ ಇಪ್ಪತ್ತೇಳೋ ಚಿತ್ರ ತೆಗೆದು ಸುಮ್ಮನಾಗುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಫೈಲುಗಳನ್ನು ಸ್ಥಿರವಾದ ಲೆಕ್ಕಕ್ಕೆ ತಂದ ಮೇಲೆ ತುಟಿಯೂ ದನಿಯೂ ಒಂದಾದುವು.

ಚಿತ್ರವನ್ನು ಹೊರತೆಗೆಯಲು ಒಂದು ರಾತ್ರಿ ಹತ್ತು ಗಂಟೆಗೆ ಹಚ್ಚಿದೆವು. ಮೂರನೆಯ ಗಂಟೆಯಲ್ಲಿ ವಿದ್ಯುತ್ತು ಹೋಯಿತು. ಮರುರಾತ್ರಿ ಮತ್ತೆ ಮೊದಲಿನಿಂದ. ಆ ಸಲ ನಾಲ್ಕು ಗಂಟೆಗಳಲ್ಲಿ ಮುಗಿಯಿತು. ಎಪ್ಪತ್ತೈದು ಸಾವಿರದ ಯಂತ್ರವಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಿತ್ತೆಂದು ಯುವಕನು ಹೇಳಿದ. ಇರಬಹುದು.

ಫೆಬ್ರವರಿಯಲ್ಲಿ ಶಾಂತಿಯ ದಿನ ಊಟವಾದ ಮೇಲೆ ಮೈಸೂರಿನ ಮನೆಯ ಗೋಡೆಗೆ ಬಿಳಿಯ ಪಂಚೆ ಕಟ್ಟಿ ಚಿತ್ರವನ್ನು ತೋರಿಸಿದೆವು. ಅತ್ತೆಯವರು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ನಲವತ್ತು ನಿಮಿಷವೂ ಅವರ ತುಟಿಗಳು ಆಡುತ್ತಲೇ ಇದ್ದುವು. ದನಿ ಗೋಡೆಯಿಂದ ಬರುತ್ತಿತ್ತು. ದೀಪ ಹಾಕಿದಾಗ ಹಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅತ್ತೆಯವರು ಒರೆಸಿಕೊಳ್ಳಲಿಲ್ಲ. ನಮ್ಮ ಮಗಳನ್ನು ಬೆರಳಿನಿಂದ ಹತ್ತಿರಕ್ಕೆ ಕರೆದು, ಕಿವಿಯಲ್ಲಿ ಹೇಳಿದರು:

“ಆರತಿ ಹಾಡಿನಲ್ಲಿ ಮೂರನೆಯ ನುಡಿ ಎಲ್ಲಿ ಹೋಯಿತೇ ಮಗು?”

ಮಗಳು ಹಾಡು ಉದ್ದವಾಯಿತೆಂದು ಅದನ್ನು ಕತ್ತರಿಸಿದ್ದಳು. ಬೆಂಗಳೂರಿಗೆ ಬಂದ ರಾತ್ರಿಯೇ ಕಂಪ್ಯೂಟರಿನ ಮುಂದೆ ಕುಳಿತು ಆ ನುಡಿಯನ್ನು ಹುಡುಕಿ ಅದರ ಸ್ಥಾನದಲ್ಲಿ ಸೇರಿಸಿದಳು. ಹತ್ತು ಗಂಟೆಗೆ ಮತ್ತೆ ಹೊರತೆಗೆಯಲು ಹಚ್ಚಿ ಮಲಗಿದೆವು. ಚಿತ್ರ ಈಗ ನಲವತ್ತೊಂದು ನಿಮಿಷದ್ದು.